ಅಜ್ಜಿ, ಮೊಮ್ಮಗಳು ಮತ್ತು ಒಬ್ಬ ಪರೀಕ್ಷಕ

"ಬಾನೆಟ್ ಬೆಚ್ಚಗಿದೆ," ಎಂದ ಪರೀಕ್ಷಕ.

ಸ್ಪ್ಯಾನರ್ ಹಿಡಿದಿದ್ದ ಅವಳ ಕೈ ಅಲ್ಲೇ ನಿಂತಿತು.

ಅವಳೂ ಅವಳ ಅಪ್ಪನೂ ನಡೆಸುತ್ತಿದ್ದ ಆ ಗ್ಯಾರೇಜಿನಲ್ಲಿ ಎರಡು ಇಟಾಲಿಯನ್ ಸ್ಪೋರ್ಟ್ಸ್ ಕಾರುಗಳಿದ್ದವು. ಅರವತ್ತರ ದಶಕದ ದುಂಡು ಮೈಯ ಕೆಂಪು ಕಾರನ್ನು ಅವರು ಅಜ್ಜಿ ಎನ್ನುತ್ತಿದ್ದರು. ಎಂಬತ್ತರ ದಶಕದ ಚೂಪು ಮೂತಿಯ ಹಳದಿ ಕಾರನ್ನು ಮೊಮ್ಮಗಳು. ಎರಡಕ್ಕೂ ಒಬ್ಬರೇ ಒಡತಿ. ಅವರು ಒಂದನ್ನು ಉಳಿಸಿಕೊಂಡು ಇನ್ನೊಂದನ್ನು ಮಾರುವವರಿದ್ದರು. ಯಾವುದನ್ನು ಎಂಬುದು ಪರೀಕ್ಷಕನ ವರದಿಯ ಮೇಲೆ ನಿಂತಿತ್ತು.

ಅಜ್ಜಿಯನ್ನು ತುಕ್ಕಿನ ರಾಶಿಯಿಂದ ಎಬ್ಬಿಸಲು ಅಪ್ಪ ಹನ್ನೊಂದು ವರ್ಷ ಸವೆಸಿದ್ದರು. ಅದು ಹೋದರೆ ಅವರ ಅರ್ಧ ಜೀವವೇ ಹೋದಂತೆ!

ಹತ್ತು ದಿನಗಳಿಂದ ಅವಳೂ ಪರೀಕ್ಷಕನೂ ಜಗಳವಾಡುತ್ತಲೇ ಕಾರುಗಳನ್ನು ಹೋಲಿಸಿದ್ದರು. ವೇಗದಲ್ಲೂ ಬ್ರೇಕಿನಲ್ಲೂ ಮೊಮ್ಮಗಳೇ ಮುಂದು ಎಂದು ಅವನು. ಅಜ್ಜಿಯ ಸ್ಟೀರಿಂಗ್ ಹಿಡಿದರೆ ರಸ್ತೆಯ ಸಣ್ಣ ಕಲ್ಲೂ ಅಂಗೈಗೆ ತಿಳಿಯುತ್ತದೆ, ಮೊಮ್ಮಗಳದ್ದು ಬರೀ ಗತ್ತು ಎಂದು ಅವಳು. ಜಗಳ ಮುಗಿದ ಮೇಲೂ ಅವನು ಹೊರಡಲು ತಡಮಾಡುತ್ತಿದ್ದ. ಅವಳೂ ಬಾಗಿಲು ಹಾಕಲು ತಡಮಾಡುತ್ತಿದ್ದಳು.

ಇಂದು ಕೊನೆಯ ಪರೀಕ್ಷೆ. ಪೂರ್ತಿ ತಣ್ಣಗಾದ ಎಂಜಿನ್ ಎಷ್ಟನೇ ಸಲಕ್ಕೆ ಸ್ಟಾರ್ಟ್ ಆಗುತ್ತದೆ ಎಂದು ನೋಡಬೇಕು. ಮೊದಲೇ ಬಿಸಿ ಮಾಡಿಟ್ಟರೆ ಅದು ಮೋಸ.

"ಅಜ್ಜಿಯನ್ನ ನೀವು ಸ್ಟಾರ್ಟ್ ಮಾಡಿದ್ರಾ?"

ಅವಳು ಮಾಡಿರಲಿಲ್ಲ. ಆದರೆ ಮೂಲೆಯಲ್ಲಿ ಅಪ್ಪ ತಲೆ ತಗ್ಗಿಸಿ, ಒರೆಸಿದ ಕೈಯನ್ನೇ ಮತ್ತೆ ಒರೆಸಿಕೊಳ್ಳುತ್ತಿದ್ದರು... ಅವಳಿಗೆ ಅರ್ಥವಾಯಿತು.

"ಹೌದು. ನಾನೇ."

ಅವನ ಮುಖ ಸಣ್ಣಗಾಯಿತು. ವರದಿಯ ಮೇಲೆ ಪೆನ್ನು ಇಟ್ಟ, ಬರೆಯಲಿಲ್ಲ. ಹಾಳೆ ಮಡಚಿ ಹೊರಟುಹೋದ. ಸಂಜೆ ಒಡತಿ ಫೋನ್ ಮಾಡಿ, ಅವನು ಈ ಕೆಲಸ ಬಿಟ್ಟನೆಂದೂ ಬೇರೆಯವರನ್ನು ಕಳಿಸುವುದಾಗಿಯೂ ಹೇಳಿದರು.

ನನ್ನ ಮುಖ ನೋಡುವುದೂ ಬೇಡವಾಯಿತೇ? ಮೋಸಗಾತಿ ಎಂದುಕೊಂಡನಲ್ಲ... ಅವಳಿಗೆ ಊಟ ಸೇರಲಿಲ್ಲ, ನಿದ್ದೆ ಹತ್ತಲಿಲ್ಲ.

ನಾಲ್ಕು ದಿನ ಬಿಟ್ಟು ಬಂದ ಹೊಸ ಪರೀಕ್ಷಕಿಯ ಮುಂದೆ ಅಜ್ಜಿ ಎರಡು ಸಲ ಮುನಿಸಿಕೊಂಡು ಮೂರನೆಯ ಸಲಕ್ಕೆ ಗುಡುಗಿತು. ಅದರ ಭಾಗಗಳೆಲ್ಲ ಅಸಲಿ ಎಂದು ಆಕೆ ಬರೆದರು. ಒಡತಿ ಅಜ್ಜಿಯನ್ನೇ ಉಳಿಸಿಕೊಂಡರು. ಅಪ್ಪ ಮಗುವಿನಂತೆ ಅತ್ತರು. ಆಮೇಲೆ ಮಗಳಿಗೂ ಹೇಳದೆ ಮೊದಲಿನ ಪರೀಕ್ಷಕನ ಆಫೀಸಿಗೆ ಹೋಗಿ ತಪ್ಪೊಪ್ಪಿಕೊಂಡರು. ಕಾರು ಕೈಬಿಟ್ಟು ಹೋಗುವ ಮುಂಚೆ ಅದರ ದನಿ ಒಮ್ಮೆ ಕೇಳಬೇಕೆನಿಸಿ, ಪರೀಕ್ಷೆಯ ದಿನ ಬೆಳಿಗ್ಗೆ ತಾವೇ ಸ್ಟಾರ್ಟ್ ಮಾಡಿದ್ದರಂತೆ. ರಾತ್ರಿ ಅದನ್ನೆಲ್ಲ ಮಗಳಿಗೂ ಹೇಳಿದರು.

ಮರುದಿನ ಅವನು ಗ್ಯಾರೇಜಿನ ಬಾಗಿಲಲ್ಲಿ ನಿಂತಿದ್ದ. ಅವಳು ಸ್ಪ್ಯಾನರ್ ಕೆಳಗಿಟ್ಟಳು.

"ಅಪ್ಪ ಹೇಳಿದ್ಮೇಲೆ ನಂಬಿಕೆ ಬಂತಾ? ಅಲ್ಲೀವರೆಗೆ ನಾನು ಮೋಸಗಾತಿ, ಅಲ್ವಾ?"

"ಅದಕ್ಕೋಸ್ಕರ ನಾನು ಬಿಟ್ಟು ಹೋಗಿದ್ದಲ್ಲ."

"ಮತ್ತೆ?"

ಅವನು ತಲೆಯೆತ್ತಲಿಲ್ಲ. "ಬಾನೆಟ್ ತಣ್ಣಗಿತ್ತು ಅಂತ ಬರೆಯೋಕೆ ಹೊರಟಿದ್ದೆ... ಇಷ್ಟು ವರ್ಷದಲ್ಲಿ ಒಂದೂ ಸುಳ್ಳು ಬರೆದವನಲ್ಲ. ನೀವು ತಪ್ಪು ಮಾಡಿದ್ದೀರಿ ಅಂತ ಗೊತ್ತಿದ್ದೂ ನಿಮಗೋಸ್ಕರ ಬರೆದುಬಿಡ್ತಿದ್ದೆ. ನನಗೇ ಭಯ ಆಯ್ತು."

ಅವಳ ಕೋಪ ಎಲ್ಲಿ ಕರಗಿತೋ. ಕಣ್ಣು ತುಂಬಿಕೊಂಡಿತು.

"ಹಾಗಾದ್ರೆ ಇನ್ಮೇಲೆ ನಮ್ಮ ಗ್ಯಾರೇಜಿನ ಯಾವ ಕಾರನ್ನೂ ನೀವು ನೋಡೋ ಹಾಗಿಲ್ಲ," ಎಂದಳು ಮೆಲ್ಲಗೆ.

"ಕಾರು ನೋಡೋಕೆ ಬಂದಿಲ್ಲ."

"ಗೊತ್ತು... ಒಳಗೆ ಬನ್ನಿ."