ಹೀರೆಬಳ್ಳಿಯ ಸೂರ್ಯನ ಕುದುರೆ

“ಸರೀ ಅತ್ಲಾಗ! ಇವತ್ತ ಅದನ್ನ ಬಿಡೂದಿಲ್ಲ!”

ದಾದಿಮಾ ಒಂದು ಕಾಲಿನ ಚಪ್ಪಲಿಯನ್ನು ಕೈಯಲ್ಲಿ ಎತ್ತಿ ಹಿಡಿದಿದ್ದಳು. ಆಯೇಶಾ ಹೀರೆಬಳ್ಳಿಗೆ ಅಡ್ಡವಾಗಿ ಎರಡೂ ತೋಳು ಚಾಚಿ ನಿಂತಿದ್ದಳು. ಅವಳ ಬೆನ್ನ ಹಿಂದೆ, ಎಲೆಯ ಮೇಲೆ, ಕಡ್ಡಿಯಂಥ ಹಸಿರು ಹುಳವೊಂದು ಮುಂಗಾಲು ಜೋಡಿಸಿ ಕೂತಿತ್ತು. ಮೂರು ಮೂಲೆಯ ಪುಟ್ಟ ತಲೆ ತಿರುಗಿಸಿ ಒಮ್ಮೆ ಚಪ್ಪಲಿಯನ್ನು ನೋಡಿತು, ಒಮ್ಮೆ ದಾದಿಮಾಳನ್ನು ನೋಡಿತು.

“ಅದು ಸೂರ್ಯನ ಕುದುರಿ ದಾದಿಮಾ. ಏನೂ ಮಾಡಿಲ್ಲ ಅದು!”

“ಏನೂ ಮಾಡಿಲ್ಲಾ? ಎಲಿ ನೋಡು, ಜರಡಿ ಆಗ್ಯಾವು. ತಿನ್ನೂದೆಲ್ಲಾ ತಿಂದು ಈಗ ಹ್ಯಾಂಗ ಕೈ ಮುಗದು ಕುಂತೈತಿ ನೋಡು, ದೊಡ್ಡ ಸಂಭಾವಿತರಂಗ!”

ಎಲೆಗಳು ಜರಡಿಯಾಗಿದ್ದುದಂತೂ ಖರೆ. ಲಕ್ಷ್ಮೇಶ್ವರದ ಸಂತೆಯಿಂದ ಬೀಜ ತಂದು, ದಿನವೂ ಅಕ್ಕಿ ತೊಳೆದ ನೀರು ಹಾಕಿ ದಾದಿಮಾ ಬೆಳೆಸಿದ ಬಳ್ಳಿ ಅದು.

ಗೋಡೆಯ ಆಚೆ ಪಕ್ಕದ ಮನೆಯ ಶಾರದವ್ವನ ತಲೆ ಕಾಣಿಸಿತು. “ಏನ ಮಾಸುಮಬಿ, ಮೊಮ್ಮಗಳಿಗೆ ಚಪ್ಪಲಿ ಎತ್ತೀಯಲ್ಲಾ?”

“ಇಕಿಗಲ್ಲವಾ, ಈ ಹುಳಕ್ಕ! ಇಕಿ ಅದರ ವಕೀಲಿ ಆಗ್ಯಾಳ!”

“ಅದು ಎಲಿ ತಿನ್ನೂದಿಲ್ಲ, ಗ್ಯಾರಂಟಿ!” ಎಂದಳು ಆಯೇಶಾ.

“ಕಣ್ಣಾರೆ ನೋಡೀದಿ?”

ಆಯೇಶಾ ನೋಡಿರಲಿಲ್ಲ. “ಇವತ್ತ ಸಾಲಿ ಸೂಟಿ ಐತಿ. ಇಲ್ಲೇ ಕುಂತು ನೋಡ್ತೀನಿ.”

“ಆತು. ಇಳಿಹೊತ್ತಿನ ಅಸರ್ ನಮಾಜಿನ ತನಕಾ ಟೈಮ್. ಏನ ತಿಂತು ಅಂತ ಹೇಳಬೇಕು. ಎಲಿ ತಿಂದಿದ್ರ ಈ ಚಪ್ಪಲಿ ಇಲ್ಲೇ ಇರ್ತೈತಿ.”

ದಾದಿಮಾ ಆ ಚಪ್ಪಲಿಯನ್ನು ಗೋಡೆಯ ಮೇಲಿಟ್ಟು, ಒಂದೇ ಚಪ್ಪಲಿಯಲ್ಲಿ ಕುಂಟುತ್ತ ಒಳಗೆ ಹೋದಳು.

ಆಯೇಶಾ ಮಣೆ ಹಾಕಿಕೊಂಡು ಕೂತಳು. ಸೂರ್ಯನ ಕುದುರೆ ಅಲುಗಲಿಲ್ಲ. ತಮ್ಮ ಅಶ್ಫಾಕ ರೊಟ್ಟಿಚೂರಿಗೆ ಉಪ್ಪಿನಕಾಯಿ ಹಚ್ಚಿ ತಂದು ಅದರ ಮುಂದೆ ಹಿಡಿದ. ಅದು ಮುಂಗಾಲಿನಿಂದ ಮುಖ ಒರೆಸಿಕೊಂಡಿತು.

“ಖಾರ ಹತ್ತೇತಿ ಅದಕ್ಕ!” ಎಂದು ಅಶ್ಫಾಕ ತಾನೂ ಮೂಗು ಒರೆಸಿಕೊಂಡ.

ಮಧ್ಯಾಹ್ನ ಆಯೇಶಾ ಅಲ್ಲೇ ಕೂತು ರೊಟ್ಟಿ ತಿಂದಳು. ಅಶ್ಫಾಕ ಅವಳ ಬಾಯನ್ನೇ ನೋಡುತ್ತ ನಿಂತ. ಒಳಗಿನಿಂದ ದಾದಿಮಾ ಗದರಿದಳು. “ಲೇ ಅಶ್ಫಾಕ! ಉಣ್ಣೋರ ಬಾಯಿ ನೋಡಬಾರದಂತ ಎಷ್ಟ ಸಲ ಹೇಳಬೇಕು? ಮಾರಿ ತಿರುಗಿಸು!”

ಬಿಸಿಲು ಗೋಡೆ ಇಳಿಯತೊಡಗಿತು. ಆಯೇಶಾಗೆ ತೂಕಡಿಕೆ ಬಂತು. ಅಷ್ಟರಲ್ಲಿ ಚಕ್ಕನೆ ಏನೋ ಆಯಿತು. ಕುದುರೆಯ ಮುಂಗಾಲಿನಲ್ಲಿ ಏನೋ ಒದ್ದಾಡುತ್ತಿತ್ತು. ಅದನ್ನು ಬಾಯಿಗೆ ಒಯ್ದದ್ದೇ ತಡ, ಆಯೇಶಾ ಪಟಕ್ಕನೆ ಮುಖ ತಿರುಗಿಸಿ ಗೋಡೆ ನೋಡುತ್ತ ಕೂತಳು.

ದಾದಿಮಾ ಬಂದಳು. “ಏನ ತಿಂತು?”

“ಏನೋ ತಿಂತು.”

“ಏನೋ ಅಂದ್ರ?”

“ನಾ ನೋಡಲಿಲ್ಲ. ಉಣ್ಣೋರ ಬಾಯಿ ನೋಡಬಾರದಂತ ನೀನ ಹೇಳೀದಿ.”

ಗೋಡೆಯಾಚೆ ಶಾರದವ್ವ ನಕ್ಕ ರಭಸಕ್ಕೆ ಅವಳ ಕೈಯ ಬಕೆಟ್ಟು ಧಡಾರೆಂದು ಬಿತ್ತು. ದಾದಿಮಾಳ ತುಟಿಯೂ ಅಲುಗಿತು. ಆದರೂ ಅವಳು ಚಪ್ಪಲಿ ಕೈಗೆತ್ತಿಕೊಂಡಳು.

“ದಾದಿಮಾ, ಬ್ಯಾಡ! ಒಮ್ಮೆ ನೀನ ನೋಡು!”

ದಾದಿಮಾ ಬಗ್ಗಿದಳು. ಎಲೆಯ ಅಂಚಿನಲ್ಲಿ ದಪ್ಪನೆಯ ಹಸಿರು ಕೀಡೆಯೊಂದು ಎಲೆ ಕೊರೆಯುತ್ತ ಬರುತ್ತಿತ್ತು. ಅದು ಬಂದ ದಾರಿಯೆಲ್ಲ ತೂತು. ಸೂರ್ಯನ ಕುದುರೆ ಗಾಳಿಗೆ ತೂಗುವ ಎಲೆಯಂತೆ ಮೆಲ್ಲಗೆ ತೂಗಿತು. ಮತ್ತೆ ಚಕ್ಕನೆ ಮುಂಗಾಲು ಚಾಚಿತು. ಕೀಡೆಯನ್ನು ಸೌತೆಕಾಯಿಯಂತೆ ಹಿಡಿದು ತಲೆಯಿಂದ ಕಡಿಯತೊಡಗಿತು.

“ಯಾ ಅಲ್ಲಾ!” ದಾದಿಮಾಳ ಕೈಯಿಂದ ಚಪ್ಪಲಿ ಜಾರಿತು. ಅವಳ ಕಾಲು ಮೆಲ್ಲಗೆ ಅದನ್ನು ಹುಡುಕಿ ಹಾಕಿಕೊಂಡಿತು.

ಆಯೇಶಾಗೆ ಕುಣಿಯಬೇಕೆನಿಸಿತು. ಆಗಲೇ ಬಳ್ಳಿಯ ಬುಡದಲ್ಲಿ ಬಿದ್ದಿದ್ದ ಹಳದಿ ರೆಕ್ಕೆಯೊಂದು ಕಂಡಿತು. ನಿನ್ನೆ ಅವಳು ಹಿತ್ತಲ ತುಂಬ ಬೆನ್ನಟ್ಟಿದ್ದ ಚಿಟ್ಟೆಯದು. ಅವಳು ರೆಕ್ಕೆ ನೋಡಿದಳು. ಕುದುರೆಯನ್ನು ನೋಡಿದಳು. ಅದು ಯಾರ ಗೊಡವೆಯೂ ಇಲ್ಲದೆ ಜಗಿಯುತ್ತಿತ್ತು. ಅದು ಬಳ್ಳಿ ಕಾಯಲು ಬಂದಿರಲಿಲ್ಲ, ಕೈಮುಗಿಯಲೂ ಬಂದಿರಲಿಲ್ಲ. ಹಸಿದು ಬಂದಿತ್ತು.

ಅಶ್ಫಾಕ ಓಡಿ ಬಂದ. “ಏನದು? ನನಗೂ ತೋರ್ಸು!”

ಆಯೇಶಾ ಅವನ ಗದ್ದ ಹಿಡಿದು ಮುಖವನ್ನು ಆ ಕಡೆ ತಿರುಗಿಸಿದಳು.

“ಹುಶ್. ಅದು ಉಣ್ಣಾಕತ್ತೈತಿ.”

ದಾದಿಮಾ ಆಗಲೇ ಬಳ್ಳಿಗೆ ಬೆನ್ನು ಮಾಡಿ ನಿಂತಿದ್ದಳು.