ಸಿಂಹಗಡದ ಮೇಲೆ ಕಳೆದ ಕರಡಿಗೆ

“ರುದ್ರವ್ವಾ… ನನ್ನ ಲಿಂಗ ಎಲ್ಲಿ?”

ಸಿಂಹಗಡದ ದೇವಟಾಕೆ ಎಂಬ ನೀರಿನ ಹೊಂಡದ ದಂಡೆಯಲ್ಲಿ ಮುಖ ತೊಳೆಯಲು ಬಾಗಿದ ಕಾಶವ್ವ ಎದೆ ಮುಟ್ಟಿಕೊಂಡವಳೇ ಅಲ್ಲೇ ಕುಸಿದಳು. ಮಗಳು ರುದ್ರವ್ವ ಓಡಿ ಬಂದು ಸೆರಗು ಸರಿಸಿ ನೋಡಿದಳು. ಕೊರಳಲ್ಲಿ ಶಿವದಾರದ ತುದಿ ಮಾತ್ರ ಜೋತಾಡುತ್ತಿತ್ತು. ಬೆಳ್ಳಿಯ ಕರಡಿಗೆ, ಅದರೊಳಗಿನ ಇಷ್ಟಲಿಂಗ— ಎರಡೂ ಇಲ್ಲ!

ಲಿಂಗಪೂಜೆಯಾಗದೆ ಅವ್ವ ಬಾಯಿಗೆ ನೀರು ಹಾಕುವವಳಲ್ಲ. ಗಡದ ಮೇಲೆ ಪೂಜೆ ಮಾಡುತ್ತೇನೆಂದು ನಸುಕಿನಲ್ಲೇ ಹೊರಟವಳು, ಬರಿಹೊಟ್ಟೆಯಲ್ಲೇ ಬೆಟ್ಟ ಹತ್ತಿದ್ದಳು. ಈಗ ಸೂರ್ಯ ನೆತ್ತಿಗೆ ಬಂದಿದ್ದ. ಸಾವಿರದ ಒಂಬೈನೂರ ಮೂವತ್ನಾಲ್ಕರ ಆ ಬೇಸಿಗೆ ಬೆಂಕಿಯಂತಿತ್ತು.

“ಅವ್ವಾ, ಒಂದು ಗುಟುಕು ನೀರು—”

“ಒಲ್ಲೆ. ಲಿಂಗ ಸಿಗಲಿ, ಇಲ್ಲಾ ಜೀವ ಹೋಗಲಿ.”

ನವಲಗುಂದದ ಕಡೆಯಿಂದ ಅವ್ವ ಪುಣೆಗೆ ಬಂದು ನಾಲ್ಕು ದಿನವಾಗಿತ್ತು. ಜೊತೆಗೆ ಊರಿನ ಹೊಳಬಸಪ್ಪಗೌಡರು. ಇಪ್ಪತ್ತು ವರ್ಷ ಪೊಲೀಸ್ ಪಾಟೀಲಕಿ ಮಾಡಿ ಊರಿನ ಕಳವು ವಿಚಾರಿಸಿದವರು. ಭವಾನಿ ಪೇಟೆಯ ತನ್ನ ಮನೆಯಿಂದ ರುದ್ರವ್ವ ಇಬ್ಬರಿಗೂ ಪರ್ವತಿಯ ಗುಡಿ ತೋರಿಸಿದ್ದಳು, ಶನಿವಾರವಾಡೆಯ ಹೆಬ್ಬಾಗಿಲು ತೋರಿಸಿದ್ದಳು. ಇಂದು ಗಡ. ದಾರಿ ತೋರಲು ಅಷ್ಟಿಷ್ಟು ಕನ್ನಡ ಬಲ್ಲ ಬಿಂದುಮಾಧವ ಎಂಬ ಮರಾಠಿ ಮನುಷ್ಯ. ಗಂಟು ಹೊರಲು ಕೆಂಪು ರುಮಾಲಿನ ಕಾಡಪ್ಪ, ಅವ್ವನ ತಂಗಿಯ ಮಗ, ಪೇಟೆಯಲ್ಲೇ ಗುಮಾಸ್ತ.

ಟಾಕೆ ಕಂಡದ್ದೇ ತಡ, ಎಲ್ಲರೂ ನೀರಿಗೆ ಮುಗಿಬಿದ್ದಿದ್ದರು. ಗೌಡರು ರುಮಾಲು ಬಿಚ್ಚಿ ನೆತ್ತಿಗೆ ನೀರು ಹೊಯ್ದುಕೊಂಡಿದ್ದರು. ಬಿಂದುಮಾಧವ ಟೋಪಿಯನ್ನೇ ಅದ್ದಿ ತಲೆಗೆ ಹಿಂಡಿಕೊಂಡಿದ್ದ. ಕಾಡಪ್ಪ ಕಂಕುಳಿನ ಬುತ್ತಿಗಂಟು ಇಳಿಸಿ, ಮುಖಕ್ಕಷ್ಟು ನೀರು ಚಿಮುಕಿಸಿಕೊಂಡಿದ್ದ. ಅಷ್ಟರಲ್ಲೇ ಅವ್ವನ ಕೂಗು.

ಗೌಡರು ದಾರದ ತುದಿಯನ್ನು ಬೆರಳಲ್ಲಿ ಹೊರಳಿಸಿ ನೋಡಿದರು. “ಕತ್ತರಿಸಿಲ್ಲ. ಸವದು ಹರದದ. ಕಾಶವ್ವಾ, ಕಡೀಕ ಯಾವಾಗ ಮುಟ್ಟಿ ನೋಡಿದ್ದಿ?”

“ಎರಡನೇ ಬಾಗಲದಾಗ ದಮ್ಮು ತಗೋಳಾಕ ಕುಂತೆವಲ್ರಿ— ಅಲ್ಲಿ ಇತ್ತು.”

“ಅಲ್ಲಿಂದ ಮುಂದ ನಿನ್ನ ಹತ್ರ ಯಾರಿದ್ರು?”

“ಮುಂದ ಈ ಬಿಂದುಮಾಧವ ಕೈ ಹಿಡಿದಿದ್ದಾ. ಹಿಂದ ನಮ್ಮ ಕಾಡಪ್ಪ ಬೆನ್ನಿಗೆ ಕೈ ಕೊಟ್ಟಿದ್ದಾ.”

ಕಾಡಪ್ಪ ಸಿಡಿದೆದ್ದ. “ಇನ್ನೇನು ಕೇಳ್ತೀರಿ ಗೌಡ್ರ? ಕೈ ಹಿಡದವನ ಕೈನ ಮೊದ್ಲು ನೋಡ್ರಿ! ಬೆಳ್ಳಿ ಕಂಡ್ರ ಬಿಡ್ತಾರೇನು ಇಂಥವ್ರು? ಚೌಕಿಗೆ ಒಪ್ಪಿಸೂಣ.”

ಬಿಂದುಮಾಧವ ಕೋಟಿನ ಗುಂಡಿ ಬಿಚ್ಚಿದ. “ಅರೇ ದೇವಾ! ಆಜೀ, ನಿಮ್ಮ ಕಾಲಿನ ಆಣೆ. ನನ್ನ ಕಿಸೆ ನೋಡ್ರಿ, ಕೋಟು ನೋಡ್ರಿ!”

ಮೊದಲು ಎರಡನೇ ಬಾಗಿಲವರೆಗೆ ಇಳಿದು ಒಂದೊಂದೇ ಮೆಟ್ಟಿಲು ಹುಡುಕಿದರು. ಇಲ್ಲ. ಬಿಂದುಮಾಧವನ ಕೋಟು ಜಾಡಿಸಿದರು. ಇಲ್ಲ. ಗೌಡರು ತಮ್ಮ ಕಿಸೆಯನ್ನೂ ಹೊರಗೆಳೆದು ತೋರಿಸಿ, ಕಾಡಪ್ಪನ ಅಂಗಿ, ಸೊಂಟದ ಗಂಟು, ಬುತ್ತಿಯ ರೊಟ್ಟಿಗಳ ನಡುವೆ ಕೂಡ ನೋಡಿದರು. ಎಲ್ಲೂ ಇಲ್ಲ!

“ದಾರ್ಯಾಗ ಕುಂತಿದ್ದ ಆ ಮೊಸರು ಮಾರೋ ಹೆಂಗಸ್ರ ಕೈಗೆ ದಾಟಿಸ್ಯಾನ ನೋಡ್ರಿ,” ಎಂದ ಕಾಡಪ್ಪ.

ರುದ್ರವ್ವನಿಗೂ ಹಾಗೇ ಅನ್ನಿಸಿತು. ಅವ್ವನ ತುಟಿ ಒಣಗಿ ಬಿರಿದಿತ್ತು. “ಗೌಡ್ರ, ಏನಾರ ಮಾಡ್ರಿ! ಹಿಂಗ ಕುಂತ್ರ ಹ್ಯಾಂಗ?”

ಗೌಡರು ಅವಸರದ ಮನುಷ್ಯರಲ್ಲ. ಬಿತ್ತುವ ಮೊದಲು ಹೊಲದ ನಾಲ್ಕೂ ಬದು ತುಳಿದು ಬರುವವರು. ಕಲ್ಲಿನ ಮೇಲೆ ಕೂತು ಒಬ್ಬೊಬ್ಬರನ್ನೇ ನೋಡಿದರು. ಆಮೇಲೆ ಮೆಲ್ಲಗೆ ಕೇಳಿದರು—

“ಕಾಡಪ್ಪಾ, ಬೆವರು ಹುಬ್ಬಿನ ಮ್ಯಾಲೆ ಸುರೀಲಿಕ್ಕತ್ತದಲ್ಲೋ. ತಲಿಗೆ ನೀರು ಯಾಕ ಹಾಕ್ಕೊಳ್ಳಲಿಲ್ಲ?”

“ನೆಗಡಿ ಅದರೀ.”

“ಹೌದಾ? ಬುಡದಿಂದ ಎರಡನೇ ಬಾಗಲತನಕ ಬುತ್ತಿಗಂಟು ತಲೀಮ್ಯಾಲಿತ್ತು. ಆಮ್ಯಾಲ ಕಂಕುಳಾಗ ಬಂತು. ಅದೂ ನೆಗಡೀನ?”

ಕಾಡಪ್ಪ ಹುಬ್ಬಿನ ಬೆವರು ಒರೆಸಿಕೊಂಡ.

“ತಂಗೀ ರುದ್ರವ್ವಾ, ನಾವು ತಪ್ಪಿದ್ದು ಇಲ್ಲೇ. ಕಳುವಿನ ಮಾಲು ಅಂತ ಕಿಸೆ, ಸೊಂಟ ಹುಡುಕಿದ್ವಿ. ಇದು ಬರೇ ಬೆಳ್ಳಿ ಅಲ್ಲ, ಒಳಗ ಲಿಂಗ ಅದ. ಬ್ಯಾರೆಯವ ತಗೊಂಡಿದ್ರ ಲಿಂಗ ಒಗದು ಬೆಳ್ಳಿ ಸೊಂಟಕ್ಕ ಸಿಗಿಸ್ತಿದ್ದ. ಆದ್ರ ಹುಟ್ಟಿದಾಗಿಂದ ಕೊರಳಾಗ ಲಿಂಗ ಕಟ್ಟಿಕೊಂಡವ? ಅಂವ ಕದ್ದರೂ ಅದನ್ನ ನೆಲಕ್ಕ ಇಡೂದಿಲ್ಲ, ಹೊಕ್ಕಳದ ಕೆಳಗ ಇಳಸೂದಿಲ್ಲ. ಎದೀಮ್ಯಾಲಿನ ಕಿಸೆ ನಾವು ನೋಡಿದ್ವಿ. ಇನ್ನ ಮ್ಯಾಲ ಏನು ಉಳೀತು?”

ರುದ್ರವ್ವನ ಕಣ್ಣು ಕಾಡಪ್ಪನ ಎದೆಯಿಂದ ಕೊರಳಿಗೆ, ಕೊರಳಿನಿಂದ ದೊಡ್ಡ ಕೆಂಪು ರುಮಾಲಿಗೆ ಏರಿತು.

“ರುಮಾಲು ಬಿಚ್ಚೋ ಕಾಡಪ್ಪಾ!” ಎಂದು ಅವಳು ಕೂಗಿದಳು.

ಅವನು ರುಮಾಲಿನ ತುದಿ ಎಳೆದ. ಸುತ್ತು ಸುತ್ತಾಗಿ ಬಿಚ್ಚಿದ. ಕಡೆಯ ಮಡಿಕೆಯಲ್ಲಿ, ನೆತ್ತಿಯ ಮೇಲೆ, ಬಿಸಿಲಿಗೆ ಕರಡಿಗೆ ಫಳ್ಳನೆ ಹೊಳೆಯಿತು.

“ಸಿಕ್ತು! ಆಜೀ, ಸಿಕ್ತು!” ಮೊದಲು ಕೂಗಿದವನು ಬಿಂದುಮಾಧವ.

ಕಾಡಪ್ಪ ಕಾಶವ್ವನ ಮುಂದೆ ಕುಕ್ಕರಿಸಿದ. “ಅದು ನಮ್ಮವ್ವನ ಕರಡಿಗಿ, ದೊಡ್ಡವ್ವಾ. ಅಕೀ ಲಿಂಗ ಅಕೀ ಜೋಡಿ ಮಣ್ಣಿಗೆ ಹೋತು. ಕರಡಿಗಿ ನಿನ್ನ ಕೊರಳಿಗೆ ಬಂತು. ನನ್ನ ಹತ್ರ ಅಕೀದು ಅಂತ ಒಂದು ಚೂರು ಸೈತ ಇಲ್ಲ. ಮೆಟ್ಟಲದ ಮ್ಯಾಲ ನನ್ನ ಕಾಲಾಗ ಬಂದು ಬಿತ್ತು… ಲಿಂಗ ಹ್ಯಾಂಗಾರ ಮಾಡಿ ನಿನಗ ಮುಟ್ಟಸ್ತಿದ್ದೆ. ನೀ ನೀರು ಬಿಡ್ತಿ ಅಂಬೂದು ಹೊಳೀಲೇ ಇಲ್ಲ.”

ಕಾಶವ್ವ ಅದನ್ನು ಅವನ ಕೈಯಿಂದ ತೆಗೆದುಕೊಂಡಳು. ಕರಡಿಗೆ ತೆರೆದು ಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡಳು. ನೀರೆರೆದಳು, ವಿಭೂತಿ ಧರಿಸಿದಳು. ಪೂಜೆ ಮುಗಿಸಿದಳು. ಆಮೇಲೆ ಬೊಗಸೆ ತುಂಬ ನೀರು ಕುಡಿದಳು.

“ನಿನ್ನ ರುಮಾಲದಾಗ ಒಂದು ಚೂರು ಹರಿ.”

ಅವನು ಹರಿದು ಕೊಟ್ಟ. ಕಾಶವ್ವ ಆ ಕೆಂಪು ಬಟ್ಟೆಯಲ್ಲಿ ಲಿಂಗ ಕಟ್ಟಿ ಕೊರಳಿಗೆ ಹಾಕಿಕೊಂಡಳು. ಬರಿದಾದ ಕರಡಿಗೆಯನ್ನು ಅವನ ಕೈಗಿಟ್ಟಳು.

“ಕೇಳಿದ್ರ ಕೊಡ್ತಿದ್ದಿಲ್ಲೇನೋ, ಮೂಳಾ? ಏಳು. ಮೊದ್ಲು ಆ ಮನಶ್ಯಾನ ಕಾಲು ಹಿಡಿ. ಆಮ್ಯಾಲ ಬುತ್ತಿ ಬಿಚ್ಚು— ಅವಗ ಮೊದಲ ರೊಟ್ಟಿ.”