ಬಟನ್‌ನ ಈಜು ಕ್ಲಾಸ್

ಆಮೆ ಬಟನ್ ಮತ್ತೆ ಟಬ್ಬಿನ ಕಲ್ಲು ಹತ್ತಿ ಕೂತಿತ್ತು. ಪುಟ್ಟ ಹುಡುಗಿ ಮಿಡತೆ ಎರಡು ಬೆರಳಿನಿಂದ ಅದನ್ನು ನೀರಿಗೆ ತಳ್ಳಿದಳು.

ಟಬ್ಬಿನಲ್ಲಿದ್ದ ಇನ್ನೊಂದು ಆಮೆಯ ಹೆಸರು ಬಟ್ಟಲು. ಅದು ಸುತ್ತು ಹೊಡೆದು ಹೊಡೆದು ನೀರನ್ನೆಲ್ಲ ಕಲಕಿತ್ತು. ಬಟನ್ ಮಾತ್ರ ಎಡಕ್ಕೆ ವಾಲಿಕೊಂಡು, ಕಾಲು ಬಡಿಯುತ್ತಾ, ಪುನಃ ಕಲ್ಲಿನ ಕಡೆಗೇ ಹೋಯಿತು.

"ಸಾಕು ಬಿಡೇ," ಎಂದಳು ಅಕ್ಕ, ಜಡೆ ಹೆಣೆದುಕೊಳ್ಳುತ್ತಾ. "ಮೀನಿಗೆ ಈಜು ಹೇಳಿಕೊಡ್ತಾರಾ ಯಾರಾದ್ರೂ?"

"ಇದು ಮೀನಲ್ಲ, ಆಮೆ. ಅದೂ ಪುಕ್ಕಲು ಆಮೆ."

"ನಿನ್ನೆಯಿಂದ ಊಟಾನೂ ಮುಟ್ಟಿಲ್ಲ ಅದು."

"ಭಯಕ್ಕೆ. ಪರೀಕ್ಷೆ ದಿನ ನಂಗೂ ಊಟ ಸೇರಲ್ಲ."

ಕೂತಲ್ಲಿ ಕೂರದ ಹುಡುಗಿ ಅಂತ ಮನೆಯವರು ಅವಳನ್ನು ಮಿಡತೆ ಅಂತಲೇ ಕರೆಯುತ್ತಿದ್ದರು. ಅಂಥವಳಿಗೂ ಭಯ ಅಂದರೆ ಏನು ಅಂತ ಚೆನ್ನಾಗಿ ಗೊತ್ತಿತ್ತು. ಹೋದ ವರ್ಷ ಶಾಲೆಯ ಸ್ವಿಮ್ಮಿಂಗ್ ಪೂಲಿನಲ್ಲಿ ಅವಳು ಅಂಚಿನ ಕಂಬಿಯನ್ನು ಉಡದ ಹಾಗೆ ಹಿಡಿದುಕೊಂಡಿದ್ದಳು. ಕೋಚ್ ಬಂದು ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ್ದರು. "ಹಿಡ್ಕೊಳ್ಳೋಕೆ ಏನಾದ್ರೂ ಇರೋವರೆಗೂ ಯಾರೂ ಈಜಲ್ಲ," ಎಂದಿದ್ದರು. ಮಿಡತೆ ಅತ್ತಳು, ನೀರು ಕುಡಿದಳು, ಆಮೇಲೆ ಈಜಿದಳು. ಈಗ ಕ್ಲಾಸಿಗೇ ಫಸ್ಟ್.

ಅಷ್ಟೇ ಅಲ್ಲವಾ? ಮಿಡತೆ ಕಲ್ಲನ್ನು ಎತ್ತಿ ಆಚೆ ಇಟ್ಟಳು. ಟಬ್ಬಿಗೆ ಇನ್ನಷ್ಟು ನೀರು ಸುರಿದಳು.

ಪಕ್ಕದಲ್ಲೇ ಅಮ್ಮ ಯೂನಿಫಾರ್ಮ್ ಕಾಲರ್ ಹೊಲಿಯುತ್ತಿದ್ದರು. ತಲೆ ಎತ್ತದೆಯೇ, "ಏನದು ನೀರಿನ ಸದ್ದು?" ಎಂದರು.

"ಬಟನ್‌ಗೆ ಕ್ಲಾಸ್ ಅಮ್ಮಾ."

"ಬಟ್ಟೆ ಇದೆ ಇಲ್ಲಿ. ನೆಲ ಒದ್ದೆ ಮಾಡ್ಬೇಡ."

ಆ ದಿನ ಶಾಲೆಯಲ್ಲಿ ಮಿಡತೆಯ ಕಿವಿಗೆ ಪಾಠ ಬೀಳಲೇ ಇಲ್ಲ. ಸಂಜೆ ಒಂದೇ ಉಸಿರಿಗೆ ಮನೆಗೆ ಓಡಿ ಬಂದಳು.

ಬಟ್ಟಲು ಮೂಲೆಯಲ್ಲಿ ಸುಮ್ಮನಿತ್ತು. ಬಟನ್ ಒಂದು ಪಕ್ಕಕ್ಕೆ ಮಗುಚಿಕೊಂಡು ತೇಲುತ್ತಿತ್ತು. ಕತ್ತು ಚಾಚಿ ಬಾಯಿ ತೆರೆದಿತ್ತು. ಮೂಗಿನಿಂದ ಗುಳ್ಳೆ ಬರುತ್ತಿತ್ತು.

"ಬಟನ್, ಈಜು," ಎಂದಳು ಮಿಡತೆ. ಅದು ಕಾಲು ಆಡಿಸಲಿಲ್ಲ. ಅವಳು ಕೂಗಿಕೊಂಡಳು. "ಅಮ್ಮಾ, ಬಾ ಇಲ್ಲಿ, ಬೇಗ."

ಪ್ರಾಣಿಗಳ ಡಾಕ್ಟರ್ ಬಟನ್‌ನನ್ನು ಸ್ಟೀಲ್ ಮೇಜಿನ ಮೇಲಿಟ್ಟು ಬಹಳ ಹೊತ್ತು ನೋಡಿದರು.

"ಯಾವಾಗಿಂದ ಹೀಗೆ ವಾಲ್ತಿದೆ?"

"ಒಂದು ವಾರ ಆಯ್ತು. ಅದಕ್ಕೆ ನೀರು ಅಂದ್ರೆ ಭಯ. ನಾನು ಧೈರ್ಯ ಕಲಿಸ್ತಿದ್ದೆ."

"ಭಯ ಅಲ್ಲ ಮರಿ. ನ್ಯುಮೋನಿಯಾ ಆಗಿದೆ. ಒಂದು ಕಡೆ ಶ್ವಾಸಕೋಶ ಕಟ್ಕೊಂಡಿದೆ, ಅದಕ್ಕೇ ವಾಲೋದು. ಉಸಿರಾಡೋಕೆ ಆಗದೆ ಎಲ್ಲಾದ್ರೂ ಹತ್ತಿ ಕೂತ್ಕೊಳ್ಳೋಕೆ ನೋಡುತ್ತೆ. ಟಬ್ಬಲ್ಲಿ ಕಲ್ಲು ಇಟ್ಟಿದ್ದೀರಿ ತಾನೆ?"

ಅಮ್ಮ ಮಿಡತೆಯ ಮುಖ ನೋಡಿದರು.

"ಇತ್ತು," ಎಂದಳು ಮಿಡತೆ. "ಬೆಳಿಗ್ಗೆ ನಾನೇ ತೆಗೆದೆ."

ಡಾಕ್ಟರ್ ಬಟನ್‌ಗೆ ಇಂಜೆಕ್ಷನ್ ಚುಚ್ಚಿದರು. "ಬೆಚ್ಚಗೆ, ಒಣಗಿದ ಜಾಗದಲ್ಲಿ ಇಡಿ. ದಿನಾ ಸ್ವಲ್ಪ ಹೊತ್ತು ತಟ್ಟೆ ನೀರಲ್ಲಿ ಬಿಡಿ, ಕುಡೀಲಿ. ಆದ್ರೆ ತುಂಬ ತಡ ಆಗಿದೆ. ಉಳಿಯುತ್ತೆ ಅಂತ ನಾನು ಮಾತು ಕೊಡಲ್ಲ."

ದಾರಿಯುದ್ದಕ್ಕೂ ಮಿಡತೆ ಬಟನ್ ಇದ್ದ ಡಬ್ಬಿಯನ್ನು ಎದೆಗೆ ಒತ್ತಿಕೊಂಡು ನಡೆದಳು. ಅಮ್ಮ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಮನೆಯಲ್ಲಿ ಅಕ್ಕ ಕೂಡ ಚುಡಾಯಿಸಲಿಲ್ಲ. ಆ ರಾತ್ರಿ ಊಟ ಯಾರಿಗೂ ಸೇರಲಿಲ್ಲ.

ಮರುದಿನ ಬೆಳಿಗ್ಗೆ ಬಟನ್ ಬದುಕಿತ್ತು, ಅಷ್ಟೇ. ಟೇಬಲ್ ಲ್ಯಾಂಪಿನ ಕೆಳಗೆ, ಚೂರು ಬಟ್ಟೆಗಳ ಮೇಲೆ, ಇಟ್ಟ ಹಾಗೆಯೇ ಬಿದ್ದಿತ್ತು. ಬಾಯಿ ಇನ್ನೂ ತೆರೆದೇ ಇತ್ತು. ಅಮ್ಮ ತಟ್ಟೆಗೆ ತೆಳುವಾಗಿ ನೀರು ಹಾಕಿ, "ಮೆಲ್ಲಗೆ ಎತ್ತಿ ಬಿಡು ಮಗಳೇ," ಎಂದರು.

ಮಿಡತೆ ಕೈ ಚಾಚಿದಳು.

ಅಷ್ಟು ಹೊತ್ತೂ ಅಲುಗಾಡದಿದ್ದ ಬಟನ್ ಬುಸ್ಸೆಂದು ಉಸಿರು ಬಿಟ್ಟು ತಲೆ, ಕಾಲು ಎಲ್ಲ ಒಳಗೆ ಎಳೆದುಕೊಂಡಿತು. ಮಿಡತೆ ಕೈ ಹಿಂದೆ ತೆಗೆದಳು. ಕಾದಳು. ಮೂಗಿನ ತುದಿ ನಿಧಾನವಾಗಿ ಹೊರಗೆ ಬಂತು. ಅವಳು ಮತ್ತೆ ಬೆರಳು ಹತ್ತಿರ ತಂದಳು. ಅದು ಮತ್ತೆ ಒಳಗೆ ಹೋಯಿತು.

ನೀರು ಕಂಡು ಅದು ಯಾವತ್ತೂ ಹೀಗೆ ಮಾಡಿರಲಿಲ್ಲ; ಈಗ ಅವಳ ಕೈ ಕಂಡು ಮಾಡುತ್ತಿತ್ತು.

"ಅಮ್ಮಾ, ನೀನೇ ಎತ್ತು," ಎಂದಳು ಮಿಡತೆ. ಎರಡೂ ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡು, ಬಟನ್‌ಗೆ ಕಾಣದಷ್ಟು ದೂರ ಸರಿದು ನಿಂತಳು.